ಹುಟ್ಟದ ಬೀಜಗಳ ಬೆನ್ನು ಹತ್ತಿ ಮೂರು ವರ್ಷ

ಗೌರಿ ಹೂವಿನ (ಅಗ್ನಿಶಿಖೆ ಬಳ್ಳಿಯ) ಮೊದಲ ಸಸಿ ಹುಟ್ಟಿದ್ದು ನಾನು ಬಿತ್ತಿದ ಕುಂಡದಲ್ಲಲ್ಲ. ಹಿತ್ತಲಿನ ನುಗ್ಗೆ ಗಿಡದ ಬುಡದಲ್ಲಿ, ನಾನೇ ಬೇಸರದಿಂದ ಸುರಿದಿದ್ದ ಮಣ್ಣಿನ ಗುಡ್ಡೆಯಲ್ಲಿ.

2021ರ ನವೆಂಬರ್‌ನಲ್ಲಿ ಊರ ಕಡೆ ಹೋದಾಗ ಬೇಲಿಯಲ್ಲಿ ಒಣಗಿದ ಬಳ್ಳಿಯೊಂದು ಸಿಕ್ಕಿತ್ತು. ಕಾಯಿಗಳು ಮೂರು ಹೋಳಾಗಿ ಬಿರಿದಿದ್ದವು. ಒಳಗೆ ಕೆಂಪು ಮಣಿಗಳ ಹಾಗೆ ಬೀಜ. ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಆ ಬೇಲಿಯ ತುಂಬ ಬೆಂಕಿ ಹತ್ತಿದಂತೆ ಹೂ ಬಿಡುತ್ತಿದ್ದದ್ದು ನೆನಪಿತ್ತು. ಈಗ ಉಳಿದದ್ದು ಅದೊಂದೇ ಬಳ್ಳಿ. ರಸ್ತೆ ಅಗಲ ಮಾಡುವಾಗ ಬೇಲಿಯ ಬಹುಪಾಲು ಹೋಗಿತ್ತು. ಐವತ್ತು ಬೀಜ ತಂದೆ. ಗೆಡ್ಡೆ ಅಗೆದು ತರಲು ಮನಸ್ಸು ಬರಲಿಲ್ಲ. ಅದನ್ನೂ ಕಿತ್ತರೆ ಅಲ್ಲಿ ಏನು ಉಳಿಯುತ್ತದೆ, ಅಲ್ವಾ?

ನಮ್ಮದು ಕೊಪ್ಪಳದ ಪಕ್ಕದ ಭಾಗ್ಯನಗರ. ಚಿಕ್ಕ ಹಿತ್ತಲು, ಜೊತೆಗೆ ಮನೆಯ ತಾರಸಿ. 25 ಬೀಜವನ್ನು ಬಂದ ವಾರವೇ ಎರಡು ಕುಂಡಗಳಲ್ಲಿ ಬಿತ್ತಿದೆ. ಉಳಿದ 25ನ್ನು ಕಾಗದದ ಕವರಿನಲ್ಲಿ ಹಾಕಿ ಕಪಾಟಿನಲ್ಲಿಟ್ಟು ಮರೆತೆ. ಡಿಸೆಂಬರ್ ಹೋಯಿತು. ಗವಿಮಠದ ಜಾತ್ರೆಯೂ ಮುಗಿಯಿತು. ದಿನಾ ನೀರು ಹಾಕಿದೆ. ಒಂದೂ ಹುಟ್ಟಲಿಲ್ಲ.

"ಬರೇ ಮಣ್ಣಿಗೆ ಎಷ್ಟ್ ದಿನಾ ಅಂತ ನೀರು ಹಾಕ್ತೀಯೋ? ಆ ಕುಂಡದಾಗ ಕೊತ್ತಂಬರಿಯರ ಹಾಕು" ಎಂದಳು ಅವ್ವ.

ಫೆಬ್ರುವರಿಯಲ್ಲಿ ಒಂದು ಕುಂಡದ ಮಣ್ಣನ್ನು ನುಗ್ಗೆ ಗಿಡದ ಕೆಳಗೆ ಸುರಿದು ಕೊತ್ತಂಬರಿ ಹಾಕಿದೆ. ಇನ್ನೊಂದು ಕುಂಡ ಮೆಟ್ಟಿಲ ಕೆಳಗೆ ಉಳಿಯಿತು. ಅದಕ್ಕೆ ನೀರು ಹಾಕುವುದನ್ನೂ ಬಿಟ್ಟೆ. ಬೇಸಿಗೆಯೆಲ್ಲ ಆ ಮಣ್ಣು ಕಲ್ಲಿನಂತೆ ಒಣಗಿ ನಿಂತಿತ್ತು.

ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಬಿತ್ತು. ತಿಂಗಳ ಕೊನೆಗೆ ನುಗ್ಗೆ ಗಿಡದ ಬುಡದಲ್ಲಿ ಎಳೆ ಹುಲ್ಲಿನಂಥ ಐದು ಕುಡಿಗಳು. ಕಳೆ ಎಂದು ಕೀಳಲು ಕೈ ಹಾಕಿದ್ದೆ. ಅವ್ವ ತಡೆದಳು. "ತಡಿಯೋ, ಎಲಿ ನೋಡು. ಅದು ಗೌರಿ ಹೂವಿಂದು." ಹೌದು. ಹುಲ್ಲಿನ ಎಲೆಯಲ್ಲ, ಬುಡ ಸ್ವಲ್ಪ ಅಗಲ, ಮೇಲೆ ಚೂಪು, ಹೊಳಪು ಹಸಿರು. ಓಡಿ ಹೋಗಿ ಮೆಟ್ಟಿಲ ಕೆಳಗಿನ ಕುಂಡವನ್ನು ಮಳೆಗೆ ಇಟ್ಟೆ. ಮೂರು ವಾರದಲ್ಲಿ ಅದರಲ್ಲೂ ನಾಲ್ಕು ಹುಟ್ಟಿದವು.

ನುಗ್ಗೆ ಬುಡದಲ್ಲಿ ಕುಡಿ ಕಂಡ ದಿನವೇ ರಾತ್ರಿ ಕುಳಿತು ಯೋಚಿಸಿದೆ. ಬೀಜದ ತಪ್ಪು ಏನೂ ಇರಲಿಲ್ಲ. ಗೌರಿ ಹೂವಿನ ಕಾಯಿ ಬಿರಿಯುವುದು ಮಳೆ ಮುಗಿದ ಮೇಲೆ. ಆಗಲೇ ಹುಟ್ಟಿದರೆ ಮುಂದೆ ಏನಿದೆ? ಚಳಿ, ಆಮೇಲೆ ನಮ್ಮ 40 ಡಿಗ್ರಿ ಬಿಸಿಲು. ಎಳೆ ಸಸಿ ಬದುಕುವುದಿಲ್ಲ. ಅದಕ್ಕೇ ಆ ಬೀಜ ಹಣ್ಣಾದ ಮೇಲೂ ಹಲವು ತಿಂಗಳು ಮಲಗುತ್ತದೆ. ಬೇಸಿಗೆ ದಾಟಿಸಿಕೊಂಡು ಮಳೆಗೆ ಏಳುತ್ತದೆ. ನಮ್ಮ ರೈತರು ಬೀಜವನ್ನು ಮನೆಯಲ್ಲಿಟ್ಟು ಮಿರಗ ಕಾಯುತ್ತಾರಲ್ಲ, ಅದೇ ಲೆಕ್ಕ. ನಾನು ಸುಮ್ನೆ ನಾಲ್ಕು ತಿಂಗಳು ಅದನ್ನು ನಿದ್ದೆಯಿಂದ ಎಬ್ಬಿಸಲು ಹೋಗಿದ್ದೆ.

ಆಗಲೇ ಕಪಾಟಿನ ಕವರ್ ನೆನಪಾಯಿತು. ಏಳು ತಿಂಗಳು ಒಣಗಿದ 25 ಬೀಜ. ಕೆಂಪು ಸಿಪ್ಪೆ ಸುಕ್ಕುಗಟ್ಟಿತ್ತು. ನೀರಲ್ಲಿ ಒಂದು ದಿನ ನೆನೆಸಿ, ಒರಟು ಬಟ್ಟೆಯಲ್ಲಿ ತಿಕ್ಕಿ ಸಿಪ್ಪೆ ತೆಗೆದೆ. ಕೈಗೆ ಗ್ಲೌಸ್ ಹಾಕಿಕೊಂಡೇ ಮಾಡಿದೆ. ಈ ಗಿಡದ ಬೀಜ, ಗೆಡ್ಡೆ, ಎಲೆ ಎಲ್ಲವೂ ವಿಷ. ಇದರಲ್ಲಿರುವ ಕಾಲ್ಚಿಸಿನ್ ಅಂಶವನ್ನು ಗೌಟ್ ಎಂಬ ಕೀಲು ನೋವಿಗೆ ಔಷಧಿ ಮಾಡುತ್ತಾರೆ, ಆದರೆ ಅಳತೆ ತಪ್ಪಿದರೆ ಅದೇ ಜೀವ ತೆಗೆಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳು, ಆಡು, ಆಕಳು ಇದ್ದರೆ ಮೊದಲು ಜಾಗ ಯೋಚಿಸಿ, ಆಮೇಲೆ ಬೀಜ ಹಾಕಿ.

ಮಣ್ಣು: ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಎಲೆಗೊಬ್ಬರ. ಬೀಜ ಅರ್ಧ ಬೆರಳು ಆಳಕ್ಕೆ. ಜುಲೈ ಮೊದಲ ವಾರ ಬಿತ್ತಿದ್ದು. ಮೊದಲ ಕುಡಿ 26ನೇ ದಿನ. ಕೊನೆಯದು ಸೆಪ್ಟೆಂಬರ್‌ನಲ್ಲಿ. ಒಟ್ಟು 14. ಒಂದೇ ಬಳ್ಳಿಯ ಬೀಜಗಳು, ಒಂದೇ ಕುಂಡ, ಒಂದೇ ನೀರು. ಆದರೂ ಮೊದಲಿನದಕ್ಕೂ ಕೊನೆಯದಕ್ಕೂ ಏಳು ವಾರ ಅಂತರ. ಎಲ್ಲವೂ ಒಟ್ಟಿಗೆ ಎದ್ದು, ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದೆ. ಹಾಗಾಗಿ ಕಾಡು ಗಿಡಗಳ ಬೀಜ ಸರದಿಯಂತೆ ಹುಟ್ಟುತ್ತದೆ. ಒಂದು ಹುಟ್ಟಿದ ಕೂಡಲೇ ಉಳಿದದ್ದೆಲ್ಲ ಜೊಳ್ಳು ಎಂದು ಕುಂಡ ಖಾಲಿ ಮಾಡಬಾರದು.

ಮೊದಲ ವರ್ಷ ಸಸಿ ಗೇಣುದ್ದಕ್ಕಿಂತ ಜಾಸ್ತಿ ಬೆಳೆಯಲಿಲ್ಲ. ನವೆಂಬರ್‌ಗೆ ಎಲ್ಲ ಹಳದಿಯಾಗಿ ಒಣಗಿತು. ಅದು ಸಾಯುವುದಲ್ಲ. ಒಂದನ್ನು ಕೆದಕಿ ನೋಡಿದೆ. ಶೇಂಗಾ ಕಾಳಿನಷ್ಟು ಗೆಡ್ಡೆ ಕಟ್ಟಿತ್ತು. ನೀರು ನಿಲ್ಲಿಸಿ, ಕುಂಡವನ್ನು ಮತ್ತೆ ಮೆಟ್ಟಿಲ ಕೆಳಗೆ ಇಟ್ಟೆ. ಒಣಗಿದ ಗಿಡಕ್ಕೆ ಕರುಣೆಯಿಂದ ನೀರು ಹಾಕುವವರೇ ಇದರ ಗೆಡ್ಡೆಯನ್ನು ಕೊಳೆಸುತ್ತಾರೆ. 2022–23ರ ಚಳಿಗಾಲದಲ್ಲಿ ನನ್ನ ಮೂರು ಗೆಡ್ಡೆ ಹೋದದ್ದು ಹಾಗೇ. ಪಕ್ಕದ ಕುಂಡಕ್ಕೆ ಹಾಕಿದ ನೀರು ದಿನಾ ಅದರ ಮೇಲೆ ಸೋರುತ್ತಿತ್ತು, ನೋಡಿರಲಿಲ್ಲ.

ಗೌರಿ ಹೂ ಕಲಿಸಿದ ಈ ಪಾಠದಿಂದಲೇ ಉಳಿದ ಬೀಜಗಳ ಕಡೆ ಹೊರಳಿದೆ. ಪ್ರತಿ ಬೀಜವೂ ತನ್ನ ಊರಿನ ಹವೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿರುತ್ತದೆ. ಆ ಊರು ಯಾವುದು, ಅಲ್ಲಿ ಬೀಜ ಬಿದ್ದ ಮೇಲೆ ಏನಾಗುತ್ತದೆ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಶಂಖಪುಷ್ಪದಲ್ಲಿ ಕೈ ಪಳಗಿಸಿಕೊಂಡೆ. ಇದು ಸುಲಭ. ಸಿಪ್ಪೆ ಗಟ್ಟಿ ಇರುವುದರಿಂದ ನೀರು ಒಳಗೆ ಹೋಗುವುದಿಲ್ಲ, ಅಷ್ಟೇ ತೊಂದರೆ. 20 ಬೀಜವನ್ನು ಹಾಗೇ ಬಿತ್ತಿದೆ. ಇನ್ನು 20ಕ್ಕೆ ಉಗುರು ಕಟ್ಟರ್‌ನಿಂದ, ಕಣ್ಣಿನ ಎದುರು ಬದಿಯಲ್ಲಿ, ಒಳಗಿನ ಬಿಳಿ ಕಾಣುವಷ್ಟೇ ಚಿವುಟಿ ರಾತ್ರಿ ನೆನೆಸಿ ಬಿತ್ತಿದೆ. ಒಂದು ವಾರಕ್ಕೆ ಚಿವುಟಿದವು 17 ಹುಟ್ಟಿದ್ದವು, ಚಿವುಟದವು 5. ಬೀಜದ ಕಣ್ಣು ಎಂದರೆ ಕಾಯಿಯ ಒಳಗೆ ಅಂಟಿಕೊಂಡಿದ್ದ ಕಲೆ. ಅದರ ಹತ್ತಿರ ಬೇರಿನ ತುದಿ ಇರುತ್ತದೆ. ಅಲ್ಲಿ ಕತ್ತರಿಸಿದರೆ ಬೀಜ ಕೆಟ್ಟಂತೆ.

ಲ್ಯಾವೆಂಡರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊದಲ ಸಲ ಏಪ್ರಿಲ್‌ನಲ್ಲಿ ಬಿತ್ತಿದೆ, ಒಂದೂ ಬರಲಿಲ್ಲ. ಅದು ಮೆಡಿಟರೇನಿಯನ್ ಕಡೆಯ ಬೆಟ್ಟದ ಗಿಡ. ಅಲ್ಲಿ ಬೀಜ ಬಿದ್ದ ಮೇಲೆ ಚಳಿಗಾಲ ಬರುತ್ತದೆ. ಚಳಿ ತಿಂದ ಮೇಲೆಯೇ ಏಳಬೇಕು ಎಂದು ಬೀಜಕ್ಕೆ ಗೊತ್ತು. ಕೊಪ್ಪಳದಲ್ಲಿ ಆ ಚಳಿ ಸಿಗುವುದು ಫ್ರಿಜ್‌ನಲ್ಲಿ ಮಾತ್ರ. 2022ರ ನವೆಂಬರ್‌ನಲ್ಲಿ 30 ಬೀಜವನ್ನು ಹಿಂಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಜಿಪ್ ಕವರಿನಲ್ಲಿ ಹಾಕಿ, ತರಕಾರಿ ಡಬ್ಬಿಯ ಹಿಂದೆ ನಾಲ್ಕು ವಾರ ಇಟ್ಟೆ. ಫ್ರೀಜರ್‌ನಲ್ಲಲ್ಲ. ಡಿಸೆಂಬರ್ ಮಧ್ಯದಲ್ಲಿ ಮಣ್ಣಿನ ಮೇಲೆ ಉದುರಿಸಿದೆ. ಮುಚ್ಚಲಿಲ್ಲ, ಇದಕ್ಕೆ ಬೆಳಕು ಬಿದ್ದರೆ ಒಳ್ಳೆಯದು. 11 ಹುಟ್ಟಿದವು. ಮೇ ತಿಂಗಳ ಬಿಸಿಲು ದಾಟಿದ್ದು ಎರಡು. ಆಗಸ್ಟ್‌ನ ಮಳೆಗೆ ಅವೂ ಬುಡ ಕೊಳೆತು ಹೋದವು. ಹುಟ್ಟಿಸುವುದು ಸಾಧ್ಯ, ಇಲ್ಲಿ ಬದುಕಿಸುವುದು ಕಷ್ಟ. ನಾನು ಮತ್ತೆ ಹಾಕುವುದಿಲ್ಲ.

ಈಗ ತಾವರೆಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು.

ಚೀನಾದಲ್ಲಿ ಬತ್ತಿದ ಕೆರೆಯೊಂದರ ತಳದಿಂದ ತೆಗೆದ ತಾವರೆ ಬೀಜ ಹುಟ್ಟಿತು, ಆ ಬೀಜದ ವಯಸ್ಸು ಸುಮಾರು 1300 ವರ್ಷ ಎಂದು ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಅದನ್ನು ಓದಿದಾಗ ನನ್ನ ಮೈ ಜುಮ್ ಎಂದಿತ್ತು. ಅಷ್ಟು ವರ್ಷ ಹಿಂದೆ ನಮ್ಮ ಸೀಮೆಯನ್ನು ಆಳುತ್ತಿದ್ದವರು ಬಾದಾಮಿ ಚಾಲುಕ್ಯರು. ಆಗ ಕೆಸರಿಗೆ ಬಿದ್ದ ಒಂದು ಬೀಜ, ಒಳಗೆ ಹಸಿರು ಕುಡಿಯನ್ನು ಮಡಿಸಿಟ್ಟುಕೊಂಡು ಇಷ್ಟು ಕಾಲ ಕಾದಿತ್ತು. ಅದರ ಸಿಪ್ಪೆ ಅಷ್ಟು ಬಿಗಿ. ನೀರೂ ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ.

2023ರ ಫೆಬ್ರುವರಿಯಲ್ಲಿ ಗ್ರಂಥಿಗೆ ಅಂಗಡಿಯಲ್ಲಿ ಕಮಲಾಕ್ಷಿ ಮಣಿಯ ಹಾರ ತಂದೆ. ಅದು ತಾವರೆ ಬೀಜವೇ. ನೀರಿಗೆ ಹಾಕಿದ ಮೂರನೇ ದಿನ ನಾರಲು ಶುರುವಾಯಿತು. ದಾರ ಪೋಣಿಸಲು ತೂತು ಕೊರೆದಿರುತ್ತಾರಲ್ಲ, ಆ ತೂತು ಒಳಗಿನ ಕುಡಿಯನ್ನೇ ಸೀಳಿಕೊಂಡು ಹೋಗಿರುತ್ತದೆ. ಮತ್ತೆ ಹೋಗಿ ತೂತಿಲ್ಲದ ಬಿಡಿ ಬೀಜ ಕೇಳಿ 12 ತಂದೆ. ಕಪ್ಪು, ಗಟ್ಟಿ, ನೆಲಕ್ಕೆ ಬಿಟ್ಟರೆ ಕಲ್ಲಿನ ಸದ್ದು. ನೀರಿಗೆ ಹಾಕಿದೆ. ಮೂರು ತೇಲಿದವು, ತೆಗೆದು ಬಿಸಾಕಿದೆ. ಒಂಬತ್ತು ಮುಳುಗಿದವು. ಹಾಗೇ ಹತ್ತು ದಿನ ನೀರಲ್ಲಿ ಬಿಟ್ಟೆ. ಕಲ್ಲು ನೆನೆಸಿಟ್ಟಂತೆ, ಏನೂ ಆಗಲಿಲ್ಲ. ಕಟ್ಟರ್ ಜಾರಿತು. ಒಂದನ್ನು ರುಬ್ಬುವ ಗುಂಡಿನಿಂದ ಮೆಲ್ಲಗೆ ತಟ್ಟಿದೆ. ಪುಡಿಯಾಯಿತು. ಉಳಿದದ್ದು ಎಂಟು.

ಓಣಿಯ ಕೊನೆಗೆ ಪತ್ತಾರ ಕಾಕಾ ಅಂಗಡಿ ಇದೆ. ಬಂಗಾರದ ಕೆಲಸ ಮಾಡುವವರ ಹತ್ತಿರ ಸಣ್ಣ ಅರ ಇದ್ದೇ ಇರುತ್ತದೆ ಎಂದು ಹೋದೆ. ಮಾರ್ಚ್ 12, ಭಾನುವಾರ.

"ಕಾಕಾ, ಈ ಬೀಜದ ಒಂದ್ ತುದಿ ಸ್ವಲ್ಪ ತಿಕ್ಕಬೇಕ್ರೀ. ಒಳಗಿಂದು ಬೆಳ್ಳಗ ಕಾಣೂ ಅಷ್ಟು."

ಅವರು ಬೀಜವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಯಾವ ತುದಿ?"

ಒಳ್ಳೆಯ ಪ್ರಶ್ನೆ ಅದು. ತಾವರೆ ಬೀಜದ ಒಂದು ತುದಿಯಲ್ಲಿ ಸಣ್ಣ ಮೊನೆ ಇರುತ್ತದೆ. ಇನ್ನೊಂದು ತುದಿಯಲ್ಲಿ ಸಣ್ಣ ಕುಳಿ. ತಿಕ್ಕಬೇಕಾದದ್ದು ಕುಳಿ ಇರುವ ತುದಿ. ಮೊನೆಯ ಕಡೆ ಕೈ ಹಚ್ಚಬಾರದು. ಕಾಕಾ ಇಕ್ಕಳದಲ್ಲಿ ಬಟ್ಟೆ ಸುತ್ತಿ ಬೀಜ ಹಿಡಿದರು. ಅರವನ್ನು ಒಂದೇ ದಿಕ್ಕಿಗೆ ಎಳೆದರು. ನಾಲ್ಕು ಸಲ ಎಳೆದು ಊದಿ ನೋಡುವುದು, ಮತ್ತೆ ನಾಲ್ಕು ಸಲ. ಮೊದಲು ಕಪ್ಪು ಹೋಯಿತು, ಆಮೇಲೆ ಕಂದು, ಆಮೇಲೆ ಕೆನೆ ಬಣ್ಣದ ಚುಕ್ಕೆ ಕಂಡಿತು. ಗುಲಗಂಜಿಯಷ್ಟೂ ಇಲ್ಲ, ಸಾಸಿವೆಯಷ್ಟು. ಅಲ್ಲಿಗೆ ನಿಲ್ಲಿಸಿದರು. ಏಳು ಬೀಜ ಅವರೇ ಮಾಡಿದರು. ಎಂಟನೆಯದನ್ನು ನಾನು ಮಾಡಿದೆ, ಒಂದು ಎಳೆತ ಜಾಸ್ತಿ ಆಯಿತು.

ದುಡ್ಡು ಕೇಳಿದರೆ ತೊಗೊಳ್ಳಲಿಲ್ಲ. "ಹೂ ಬಿಟ್ರ ಕರೀ, ನೋಡಾಕ ಬರ್ತೀನಿ" ಎಂದರು. ಆಮೇಲೆ ಡಬ್ಬಿ ತೆರೆದು ಹಳೆಯ ಗುಲಗಂಜಿ ಬೀಜಗಳನ್ನು ತೋರಿಸಿದರು. ಅವರ ಅಪ್ಪನ ಕಾಲದಲ್ಲಿ ಬಂಗಾರ ತೂಗುತ್ತಿದ್ದದ್ದು ಅವುಗಳಿಂದಲೇ. 96 ಗುಂಜಿಗೆ ಒಂದು ತೊಲ. ಎರಡು ಕೊಡಲೇ ಎಂದರು. ನಾನು ಬೇಡ ಎಂದೆ. ಗುಲಗಂಜಿಯೂ ಹುಟ್ಟಲು ಹಟ ಮಾಡುವ ಬಳ್ಳಿಯೇ, ನನಗೆ ಆಸೆಯೂ ಇತ್ತು. ಆದರೆ ಅದನ್ನು ಅರದಿಂದ ತಿಕ್ಕುವುದು ಬಹಳ ಅಪಾಯ. ಸಿಪ್ಪೆ ಇಡಿಯಾಗಿರುವವರೆಗೆ ವಿಷ ಒಳಗೇ ಇರುತ್ತದೆ. ಒಡೆದರೆ, ಪುಡಿ ಮೂಗಿಗೆ ಬಾಯಿಗೆ ಹೋದರೆ ಜೀವಕ್ಕೇ ಕುತ್ತು. ಅಕ್ಕನ ಮಕ್ಕಳು ರಜೆಗೆ ಬರುವ ಮನೆ ನಮ್ಮದು.

ಮಾರ್ಚ್ 12, ಸಂಜೆ. ಎಂಟು ಬೀಜ ಗಾಜಿನ ಬಾಟಲಿಯಲ್ಲಿ. ಬೋರ್ ನೀರು ಬಳಸಲಿಲ್ಲ. ನಮ್ಮ ಬೋರ್ ನೀರು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿಸುತ್ತದೆ. ನಳದ ನೀರನ್ನು ಒಂದು ದಿನ ತೆರೆದಿಟ್ಟು ಹಾಕಿದೆ.

ಮಾರ್ಚ್ 13. ಎಂಟೂ ಉಬ್ಬಿವೆ. ಹೆಚ್ಚೂಕಡಿಮೆ ಒಂದೂವರೆ ಪಟ್ಟು. ಹತ್ತು ದಿನ ಕಲ್ಲಿನಂತಿದ್ದವು ಒಂದೇ ರಾತ್ರಿಯಲ್ಲಿ! ನೀರು ಬದಲಿಸಿದೆ. ಇದು ದಿನಾ ಮಾಡಬೇಕಾದ ಕೆಲಸ.

ಮಾರ್ಚ್ 16. ಸಿಪ್ಪೆ ಬಿರಿದು ಹಸಿರು ಕೊಕ್ಕೆಯಂಥ ಕುಡಿ. ಮೂರರಲ್ಲಿ. ನಾನು ತಿಕ್ಕಿದ ಬೀಜ ಬೆಳ್ಳಗೆ ಲೋಳೆ ಬಿಟ್ಟಿದೆ, ತೆಗೆದೆ.

ಮಾರ್ಚ್ 18. ಏಳೂ ಹುಟ್ಟಿವೆ. ಇಲ್ಲಿ ನಮ್ಮ ಬಿಸಿಲೂರಿನ ಲಾಭ ಕಂಡಿತು. ತಾವರೆಗೆ 25–30 ಡಿಗ್ರಿ ಬೆಚ್ಚಗಿನ ನೀರು ಬೇಕು. ಅಡುಗೆಮನೆ ಕಿಟಕಿಯಲ್ಲಿ ಮಾರ್ಚ್ ತಿಂಗಳ ನೀರು ತಾನಾಗಿಯೇ ಅಷ್ಟಿರುತ್ತದೆ.

ಮಾರ್ಚ್ 29. ಕುಡಿಗಳು ಮೊಳದುದ್ದ. ತುದಿಯಲ್ಲಿ ನಾಣ್ಯದಷ್ಟು ಎಲೆ ಬಿಚ್ಚಿ ತೇಲುತ್ತಿದೆ. ಬೇರು ಇನ್ನೂ ಇಲ್ಲ.

ಇಲ್ಲಿ ಅವಸರ ಮಾಡಿದೆ. ಎಲೆ ಬಂತಲ್ಲ ಎಂದು ಮೂರು ಸಸಿಯನ್ನು ಸೆಗಣಿ ಗೊಬ್ಬರ ಕಲಸಿದ ಮಣ್ಣಿಗೆ ನೆಟ್ಟೆ. ನಾಲ್ಕು ದಿನದಲ್ಲಿ ನೀರು ಪಾಚಿಗಟ್ಟಿತು, ಸಸಿ ಕರಗಿ ಹೋಯಿತು. ಎಳೆ ತಾವರೆಗೆ ಊಟ ಬೀಜದಲ್ಲೇ ಇರುತ್ತದೆ, ಗೊಬ್ಬರ ಬೇಡವೇ ಬೇಡ. ಉಳಿದ ನಾಲ್ಕನ್ನು ಮೂರು ಎಲೆ, ಬಿಳಿ ಬೇರು ಬರುವವರೆಗೆ ಬಾಟಲಿಯಲ್ಲೇ ಕಾಯ್ದೆ. ಏಪ್ರಿಲ್ 14ಕ್ಕೆ ನೆಟ್ಟೆ.

ಮಣ್ಣಿಗಾಗಿ ಕುಕನೂರು ಕಡೆಯ ಗೆಳೆಯನ ಹೊಲದಿಂದ ಎರಡು ಚೀಲ ಎರೆ (ಕಪ್ಪು) ಮಣ್ಣು ತಂದೆ. ಕುಂಡದ ಗಿಡಗಳಿಗೆ ಎರೆ ಮಣ್ಣು ಆಗುವುದಿಲ್ಲ. ಒಣಗಿದರೆ ಬಿರಿಯುತ್ತದೆ, ನೆಂದರೆ ನೀರು ಬಿಡುವುದಿಲ್ಲ. ಆ ನೀರು ಬಿಡದ ಗುಣವೇ ತಾವರೆಗೆ ಬೇಕಾದದ್ದು. ಕೊಕೊಪೀಟ್, ಎಲೆಗೊಬ್ಬರ ಹಾಕಿದರೆ ತೇಲುತ್ತದೆ. ತೂತಿಲ್ಲದ ಎರಡಡಿ ಅಗಲದ ಟಬ್‌ನಲ್ಲಿ ಗೇಣು ಎತ್ತರ ಮಣ್ಣು ಹಾಕಿ, ಕೆಸರು ಮಾಡಿ, ಎರಡು ದಿನ ಬಿಟ್ಟು ಸಸಿ ನೆಟ್ಟೆ. ಬೇರಿನ ಮೇಲೆ ಒಂದು ಹಿಡಿ ಕೆಸರು, ಅಷ್ಟೇ. ನೀರು ನಾಲ್ಕು ಬೆರಳು. ಎಲೆ ಮೇಲೇರಿದಂತೆ ನೀರೂ ಏರಿಸಿದೆ. ಏಪ್ರಿಲ್-ಮೇ ಬಿಸಿಲಿಗೆ ಗ್ರೀನ್ ನೆಟ್ ಕಟ್ಟಿದೆ, ಇಲ್ಲದಿದ್ದರೆ ತಾರಸಿಯ ಮೇಲೆ ಟಬ್ ನೀರು ಕೈ ಇಡಲಾಗದಷ್ಟು ಕಾಯುತ್ತದೆ. ಸೊಳ್ಳೆಗೆ ಐದಾರು ಗಪ್ಪಿ ಮೀನು ಬಿಟ್ಟೆ.

ಜೂನ್ ಕೊನೆಗೆ ನೀರಿನ ಮೇಲೆ ಎದ್ದು ನಿಲ್ಲುವ ಎಲೆ ಬಂತು. ಅದು ಬಂದರೆ ಗಿಡ ಗಟ್ಟಿಯಾಯಿತು ಎಂದು ಅರ್ಥ. ಮೊದಲ ವರ್ಷ ಹೂ ಬಿಡಲಿಲ್ಲ. 2024ರ ಜುಲೈನಲ್ಲಿ ಮೊಗ್ಗು ಕಂಡಿತು. ಪತ್ತಾರ ಕಾಕಾಗೆ ಹಿಂದಿನ ಸಂಜೆಯೇ ಹೇಳಿದೆ, ಬೆಳಗ್ಗೆ ಆರೂವರೆಗೆ ಬಂದರು. ಗುಲಾಬಿ ಬಣ್ಣ. ಅರ್ಧ ಗಂಟೆ ಟಬ್ ಪಕ್ಕ ಕುಳಿತಿದ್ದರು. "ಈ ಬೀಜಾನ ನಾ ತಿಕ್ಕಿದ್ದು?" ಎಂದು ಎರಡು ಸಲ ಕೇಳಿದರು.

ಅದೇ ವರ್ಷ ಆಗಸ್ಟ್ 24ಕ್ಕೆ, ಶ್ರಾವಣದಲ್ಲಿ, ಗೌರಿ ಹೂವೂ ಅರಳಿತು. ನುಗ್ಗೆ ಗಿಡದ ಬುಡದಲ್ಲಿ ಹುಟ್ಟಿದ್ದ ಐದರಲ್ಲಿ ಎರಡು ಬಳ್ಳಿ. ಎಲೆಯ ತುದಿಯೇ ಬಳ್ಳಿಯ ಕೈ ಆಗಿ ನುಗ್ಗೆ ಕೊಂಬೆಯನ್ನು ಸುತ್ತಿತ್ತು. ಮೊದಲ ದಿನ ಹಸಿರು-ಹಳದಿ, ಆಮೇಲೆ ತುದಿಯಿಂದ ಕೆಂಪೇರುತ್ತಾ ಹೋಯಿತು. ಬಿತ್ತಿದ ದಿನದಿಂದ ಲೆಕ್ಕ ಹಾಕಿದರೆ ಎರಡು ವರ್ಷ ಒಂಬತ್ತು ತಿಂಗಳು.

ಹೂವಿನ ನಡುವಿನ ಹೆಣ್ಣು ಕಡ್ಡಿ ನೆಟ್ಟಗಿರುವುದಿಲ್ಲ, ಬುಡದಲ್ಲೇ ಮಡಿಸಿದಂತೆ ಪಕ್ಕಕ್ಕೆ ಚಾಚಿರುತ್ತದೆ. ಹಾಗಾಗಿ ತನ್ನ ಪರಾಗ ತನಗೆ ಬೀಳುವುದು ಕಷ್ಟ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ಬೆಳೆಯುವ ರೈತರು ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ನಾನೂ ಬೆಳಗ್ಗೆ ಒಂದು ಬಳ್ಳಿಯ ಪರಾಗವನ್ನು ಮೆತ್ತನೆಯ ಬ್ರಷ್‌ನಿಂದ ಇನ್ನೊಂದರ ಕಡ್ಡಿಯ ತುದಿಗೆ ಸವರಿದೆ. ಏಳು ಹೂವಿನಲ್ಲಿ ಮೂರು ಕಾಯಿ ಕಟ್ಟಿದವು. ನವೆಂಬರ್‌ನಲ್ಲಿ ಬಿರಿದವು. ಎಣಿಸಿದೆ, 61 ಬೀಜ.

ಈ ಸಲ ಒಂದನ್ನೂ ಆಗಲೇ ಬಿತ್ತಲಿಲ್ಲ. ಕಾಗದದ ಕವರಿನ ಮೇಲೆ ಹೆಸರು, ತಾರೀಖು ಪೆನ್ಸಿಲ್‌ನಲ್ಲಿ ಬರೆದೆ. ಪೆನ್ನಿನ ಅಕ್ಷರ ನಮ್ಮ ಬಿಸಿಲಿಗೆ ಎರಡು ತಿಂಗಳೂ ನಿಲ್ಲುವುದಿಲ್ಲ, ಪೆನ್ಸಿಲ್ ವರ್ಷಗಟ್ಟಲೆ ಇರುತ್ತದೆ. ಕುಂಡಗಳಿಗೆ ಚುಚ್ಚುವ ಐಸ್‌ಕ್ರೀಮ್ ಕಡ್ಡಿಗೂ ಪೆನ್ಸಿಲ್ಲೇ. 30 ಬೀಜ ಊರಿನ ಹಳೆಯ ಬೇಲಿ ಇದ್ದ ಕಡೆಗೆ ಎಂದು ಬೇರೆ ಇಟ್ಟೆ. ಉಳಿದ ಒಂದೇ ಬಳ್ಳಿಯ ಆಚೀಚೆ, ಆಡು ಬಾರದ ಕಲ್ಲಿನ ಸಂದಿಗಳನ್ನು ಅವ್ವ ಹೋದ ವಾರವೇ ನೋಡಿ ಗುರುತು ಮಾಡಿ ಬಂದಿದ್ದಾಳೆ. ಮಿರಗದ ಮಳೆ ಬಿದ್ದ ಮರುದಿನ ಇಬ್ಬರೂ ಹೋಗುತ್ತೇವೆ.